ಕರೆಂಟ್ ಹೋದರೆ ಓಡುವ ಲ್ಯಾಪ್‌ಟಾಪ್

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಹೆಂಡತಿಯ ತಮ್ಮ, ಬೆಂಗಳೂರಿನ ತನ್ನ ಆಫೀಸಿನವರು ಮೂಲೆಗೆ ಹಾಕಿದ್ದ ಲ್ಯಾಪ್‌ಟಾಪೊಂದನ್ನು ದೊಡ್ಡಬಳ್ಳಾಪುರದ ನಮ್ಮ ಮನೆಗೆ ತಂದುಕೊಟ್ಟ. ಮುಚ್ಚಳದ ಕೀಲು ಮುರಿದಿತ್ತು. ಹಿಂದೆ ಅಕ್ಕಿ ಡಬ್ಬ ಇಟ್ಟರೆ ನಿಲ್ಲುತ್ತಿತ್ತು. ಸೀರೆಯ ಅಂಚಿಗೆ ವಿನ್ಯಾಸ ಬರೆಯುವ ನನಗೆ ಗ್ರಾಫ್ ಕಾಗದದ ಚೌಕ ತುಂಬಿ ತುಂಬಿ ಕಣ್ಣು ಸೋತಿತ್ತು. ಇದರಲ್ಲೇ ಬರೆದು ಫ್ಲಾಪಿಗೆ ಹಾಕಿಕೊಟ್ಟರೆ, ವಿನ್ಯಾಸದ ಪ್ರಕಾರ ಮಗ್ಗದ ರಟ್ಟುಗಳಿಗೆ ತೂತು ಹೊಡೆಯುವ ಅಂಗಡಿಯವರು ಉಳಿದದ್ದು ನೋಡಿಕೊಳ್ಳುತ್ತಾರೆ ಎಂದ ಭಾವಮೈದ. ನಾನು ನಂಬಿದೆ. ನಂಬಿದ ಮೇಲೆ ಚಿಂತಿಸುವುದು ನನ್ನ ಕ್ರಮ.

ಚಿಂತೆಗೆ ಕಾರಣವೂ ಇತ್ತು. ನಮ್ಮ ಎರಡು ಪವರ್‌ಲೂಮ್‌ಗಳ ಮೇಲಿದ್ದ ಹಾಸು, ಎಂದರೆ ಉದ್ದಕ್ಕೆ ಬಿಗಿದ ನೂಲು, ಮೂರು ವಾರದಲ್ಲಿ ಮುಗಿಯಲಿತ್ತು. ಅಷ್ಟರಲ್ಲಿ ಹೊಸ ನವಿಲಂಚು ಸಿದ್ಧವಾಗದಿದ್ದರೆ ಮಗ್ಗ ಖಾಲಿ. ಮಗ್ಗ ಖಾಲಿ ನಿಂತರೆ, ನಮ್ಮಲ್ಲಿ ಹನ್ನೊಂದು ವರ್ಷದಿಂದ ನೇಯುತ್ತಿದ್ದವನು ಬೇರೆ ಮನೆ ನೋಡಿಕೊಳ್ಳುತ್ತಾನೆ. ಅಂಥ ಕೈ ಮತ್ತೆ ಸಿಗುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಮೊದಲು ಇದ್ದದ್ದು ಎಲ್ಲರೂ ‘ತೊಂಬತ್ತೆಂಟು’ ಎಂದು ಕರೆಯುತ್ತಿದ್ದ ಆಪರೇಟಿಂಗ್ ಸಿಸ್ಟಂ. ಮೂರನೆಯ ನವಿಲಿಗೆ ಕಾಲು ಬರೆಯುವಷ್ಟರಲ್ಲಿ ಪರದೆ ಅಲ್ಲಾಡದೆ ನಿಂತಿತು.

“ಹಳೇ ಮೆಷೀನು ಭಾವ, ಇದು ಅದಕ್ಕೆ ಭಾರ. ತೊಂಬತ್ತೈದು ಹಾಕ್ಕೊಡ್ತೀನಿ,” ಎಂದು ಭಾವಮೈದ ಬೆಂಗಳೂರಿಗೆ ಒಯ್ದ. ಅಲ್ಲಿ ಎರಡು ದಿನ ಕಲ್ಲುಗುಂಡಿನ ಹಾಗಿತ್ತಂತೆ. ನಮ್ಮ ಮನೆಯಲ್ಲಿ ಹತ್ತು ನಿಮಿಷಕ್ಕೆ ಮತ್ತೆ ನಿಂತಿತು.

“ನಿಮ್ ಕೈಗುಣ ಭಾವ.”

“ಹೂಂ ಕಣೋ,” ಎಂದಳು ನನ್ನ ಹೆಂಡತಿ. “ಇವ್ರು ಮುಟ್ಟಿದ್ರೆ ಮಿಕ್ಸೀನೂ ನಿಂತೋಗುತ್ತೆ.”

ಎರಡನೆಯ ವಾರದ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಯ ಮೇಲೆ, ಆ ಬ್ಯಾಟರಿ ಸಾಯುವ ತನಕ, ಇಪ್ಪತ್ತು ನಿಮಿಷ ಒಮ್ಮೆಯೂ ಮುನಿಯದೆ ಓಡಿತು.

“ರೀ, ಮಗ್ಗ ಓಡ್ವಾಗ ಅಡುಗೆಮನೆ ಲೋಟಗಳೇ ಕುಣೀತವೆ. ಇದರೊಳಗೆ ಸಡ್ಲ ಆಗಿರೋದು ಕುಣಿಯಲ್ವಾ?” ಎಂದಳು ಹೆಂಡತಿ.

ಮಗ್ಗದ ಮಗ್ಗುಲಲ್ಲೇ ಹುಟ್ಟಿ ಬೆಳೆದವನಿಗೆ ನೆಲ ನಡುಗುತ್ತದೆಂಬುದೇ ಮರೆತುಹೋಗಿತ್ತು. ಎರಡು ಆಪರೇಟಿಂಗ್ ಸಿಸ್ಟಂಗಳನ್ನು ಸುಮ್ಮನೆ ಬೈದಿದ್ದೆ. ಸಡಿಲವಾದದ್ದು ಯಾವುದೆಂದು ಬಿಚ್ಚಿ ನೋಡುವ ಧೈರ್ಯ ಭಾವಮೈದನಿಗೂ ಇರಲಿಲ್ಲ. ಕರೆಂಟ್ ಇದ್ದರೆ ಮಗ್ಗ ರಾತ್ರಿಯೂ ಓಡುತ್ತಿತ್ತು, ಆ ಪಾಳಿ ನನ್ನದು. ಬೇರೆಯವರ ಮನೆಗೆ ಒಯ್ದು ಬರೆಯುವಂತೆಯೂ ಇಲ್ಲ. ಹೊಸ ಅಂಚು ಕಣ್ಣಿಗೆ ಬಿದ್ದರೆ ನಮಗಿಂತ ಮೊದಲು ಅವರು ನೇಯ್ದಿರುತ್ತಾರೆ. ಉಳಿದ ದಾರಿ ಒಂದೇ: ಕರೆಂಟ್ ಹೋದಾಗ ಬರೆಯುವುದು.

ಆದರೆ ತೊಂಬತ್ತೈದು ತೆರೆದುಕೊಳ್ಳಲು ಐದು ನಿಮಿಷ. ಹೋದ ಸಲ ನನ್ನನ್ನು ಸರಿಯಾಗಿ ಮುಚ್ಚಲಿಲ್ಲ ಎಂದು ಆಕ್ಷೇಪಿಸಿ ತನ್ನನ್ನೇ ತಪಾಸಣೆ ಮಾಡಿಕೊಳ್ಳಲು ಇನ್ನೇಳು. ಉಳಿದ ಎಂಟರಲ್ಲಿ ಒಂದು ಕೊಕ್ಕು. ಎಸ್‌ಟಿಡಿ ಬೂತಿನಿಂದ ಭಾವಮೈದನಿಗೆ ಫೋನ್ ಮಾಡಿ, “ಗಟ್ಟಿಯಾದ್ದು ಬೇಡಪ್ಪಾ, ಬೇಗ ಏಳೋದು ಕೊಡು,” ಎಂದೆ. ಅವನು ಬಂದು ತೊಂಬತ್ತೈದಕ್ಕೂ ಹಳೆಯ ಡಾಸ್, ಅದರಲ್ಲಿ ಓಡುವ ಒಂದು ಚಿತ್ರದ ಪ್ರೋಗ್ರಾಂ ಹಾಕಿಕೊಟ್ಟ. ಕಪ್ಪು ಪರದೆ, ಮಿಟುಕುವ ಒಂದು ಗೆರೆ. ಅರ್ಧ ನಿಮಿಷಕ್ಕೆ ಎದ್ದು, ಏನೂ ಕೇಳದೆ ಕಾಯುತ್ತಿತ್ತು.

ಅಂದಿನಿಂದ ಕರೆಂಟ್ ಇದ್ದಷ್ಟು ಹೊತ್ತು ಮಗ್ಗ ಹಾಸನ್ನು ತಿನ್ನುತ್ತಿತ್ತು, ಇಲ್ಲದಾಗ ನಾನು ನವಿಲು ಬರೆಯುತ್ತಿದ್ದೆ. ಊರೆಲ್ಲ ವಿದ್ಯುತ್ ಇಲಾಖೆಯನ್ನು ಶಪಿಸುವಾಗ ನಾನೊಬ್ಬನೇ ಅವರ ದಾರಿ ಕಾಯುತ್ತಿದ್ದೆ. ಮೂರನೆಯ ವಾರ ಅವರು ಕರೆಂಟನ್ನು ತೆಗೆಯಲೇ ಇಲ್ಲ.

ಹಾಸಿನಲ್ಲಿ ಎರಡು ಸೀರೆ ಉಳಿದಿತ್ತು, ಅಂಚಿನಲ್ಲಿ ಆರು ನವಿಲು. ಬೆಳಗ್ಗೆ ನೇಯುವವನು ಬಂದು ನನ್ನ ಮುಖ ನೋಡಿದ, ಅಕ್ಕಿ ಡಬ್ಬ ನೋಡಿದ, ಎರಡೂ ಮಗ್ಗದ ಸ್ವಿಚ್ಚು ಆರಿಸಿದ.

“ಲೇ, ಕರೆಂಟ್ ಐತಲ್ಲೋ!” ಎಂದು ಕೂಗಿದೆ.

“ಹಾಸು ಮುಗ್ದು ನಾಳಿದ್ದು ನಿಲ್ಲೋದು ಇವತ್ತೇ ನಿಂತ್ಕೊಳ್ಳಲಿ ಬಿಡಣ್ಣ. ನಂಗೂ ಬೇರೆ ಮನೆ ಬಾಗ್ಲು ತಟ್ಟೋಕೆ ಆಸೆ ಇಲ್ಲ. ಬರ್ಕೋ, ಟೀ ಕುಡ್ಕೊಂಡ್ ಬರ್ತೀನಿ.”

ಕರೆಂಟ್ ಇರುವಾಗ ಮಗ್ಗ ನಿಲ್ಲಿಸುವುದು ನಮ್ಮ ಬೀದಿಯಲ್ಲಿ ಸಾವಾದ ಮನೆಯವರು ಮಾತ್ರ. ಐದು ನಿಮಿಷದಲ್ಲಿ ಪಕ್ಕದ ಮನೆಯಾಕೆ ಸೆರಗು ಹೊದ್ದು ಬಂದು, “ಯಾರಮ್ಮಾ ಹೋದ್ರು?” ಎಂದರು.

“ಯಾರೂ ಇಲ್ಲಕ್ಕಾ. ಇವ್ರು ಬರೀತಿದಾರೆ,” ಎಂದಳು ಹೆಂಡತಿ, ಅದಕ್ಕಿಂತ ಹೋಗುವುದೇ ವಾಸಿ ಎನ್ನುವ ದನಿಯಲ್ಲಿ.

ನಾನು ತಲೆ ಎತ್ತಲಿಲ್ಲ. ಡಾಸ್ ಕೂಡ ಒಮ್ಮೆಯೂ ತಡವರಿಸಲಿಲ್ಲ. ಸಂಜೆಯ ಹೊತ್ತಿಗೆ ನೇಯುವವನು ಐದನೆಯ ಟೀ ಕುಡಿದು ಬಂದು ಬಾಗಿಲಲ್ಲಿ ನಿಂತ.

“ಆಯ್ತಾ ಅಣ್ಣ?”

“ಇನ್ನೊಂದು ನವಿಲು ಕಣೋ.”

“ಹಂಗಾದ್ರೆ ಇನ್ನೊಂದು ಟೀ,” ಎಂದು ಮತ್ತೆ ಚಪ್ಪಲಿ ಮೆಟ್ಟಿದ.