ಸವೆದ ಹೆಬ್ಬೆರಳು

ರೇಷ್ಮೆಗೂಡು ಬೇಯುವ ಬಿಸಿನೀರಿನಲ್ಲಿ ಮೂವತ್ತು ವರ್ಷ ನೂಲೆಳೆದು ಖೈರುನ್ನಿಸಾಳ ಬೆರಳ ಗೆರೆಗಳೇ ಅಳಿಸಿಹೋಗಿದ್ದವು. ದುಡ್ಡು ತೆಗೆಯಲು ಬಂದರೆ ರಾಮನಗರದ ಬ್ಯಾಂಕಿನ ಯಂತ್ರ ಅವಳ ಹೆಬ್ಬೆಟ್ಟನ್ನು ಮೂರು ಸಲವೂ ಒಪ್ಪಲಿಲ್ಲ.

"ಅಳಿಯನ ಹೆಸರೂ ಖಾತೆಗೆ ಸೇರ್ಸಮ್ಮ, ಅವ್ರೇ ತೆಗೀತಾರೆ" ಎಂದ ಗುಮಾಸ್ತ. ಪಕ್ಕದಲ್ಲಿದ್ದ ಅಳಿಯ ಅಸ್ಗರ್ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ.

ಖೈರುನ್ನಿಸಾ ಆ ಪೆನ್ನು ಕಿತ್ತುಕೊಂಡಳು. ಮೊಮ್ಮಗಳು ಆರು ತಿಂಗಳು ಕೂತು ಕಲಿಸಿದ್ದ ಸಹಿಯನ್ನು ದುಡ್ಡು ತೆಗೆಯುವ ಚೀಟಿಯ ಮೇಲೆ ಅಗಲವಾಗಿ ಬರೆದಳು.

"ಈ ದುಡ್ಡು ದುಡಿದೇ ನನ್ ಬೆರಳು ಸವೆದಿರೋದು ಸಾರ್. ಕರೆಂಟ್ ಬಿಲ್ಲಿನ ದುಡ್ಡು ಖಾತೆಯಿಂದ ತಿಂಗ್ಳಾ ತಿಂಗ್ಳಾ ತಾನಾಗೇ ಹೋಗ್ಲಿ. ಮಿಕ್ಕಿದ್ದಕ್ಕೆಲ್ಲ ನನ್ ಸಹಿನೇ ಬೇಕು. ಅಳಿಯಂಗೂ ದುಡ್ಡು ಬೇಕಂದ್ರೆ ಬರ್ಲಿ, ಬಿಸಿನೀರ್ಗೆ ಒಸಿ ಕೈ ಹಾಕ್ಲಿ!"