ಮರಿಯಪ್ಪನ ಮೂರೆಳೆ ದಾರ

ಆ ಶುಕ್ರವಾರ ಬೆಳಗ್ಗೆ ನಮ್ಮ ಯಜಮಾನರು ಆರು ಬಿದಿರು ಕೋಲುಗಳನ್ನು ಗೋಡೆಗೆ ಒರಗಿಸಿ ಒಂದೊಂದನ್ನೇ ಬಗ್ಗಿಸಿ ನೋಡುತ್ತಿದ್ದರು. ನಾನು ಜಗಲಿಯ ಮೇಲೆ ಕೂತು ತೊಡೆಯ ಮೇಲೆ ಗಾಳದ ದಾರ ಹೊಸೆಯುತ್ತಿದ್ದೆ. ಅತ್ತೆ ಮುನಿತಾಯಮ್ಮ ಪಕ್ಕದಲ್ಲೇ ರಾಗಿ ಕೇರುತ್ತಿದ್ದರು. ಅಂಥ ಬೆಳಗು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಯಜಮಾನರ ಹೆಸರು ಮರಿಯಪ್ಪ. ಬದುಕಿದ್ದಾಗ ಈ ಹೆಸರು ನನ್ನ ಬಾಯಲ್ಲಿ ಬಂದದ್ದಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಅಂತ ಅತ್ತೆ ಮದುವೆಯ ದಿನವೇ ಹೇಳಿದ್ದರು. ಈಗ ಎಷ್ಟು ಸಲ ಬೇಕಾದರೂ ಹೇಳಬಹುದು.

ನಮ್ಮದು ಮಾರೇನಹಳ್ಳಿ. ಹೊಲ ಬಡಾವಣೆಗೆ ಹೋದ ಮೇಲೆ ಅವರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರಿದರು. ಖಾಕಿ ಷರಟು ಮೈಮೇಲೆ ಇರುವಷ್ಟು ಹೊತ್ತು ಮುಖ ಗಂಟು. ಭಾನುವಾರ ಕೆರೆ ಏರಿಯ ಮೇಲೆ ಗಾಳ ಹಿಡಿದು ಕೂತರೆ ಬೇರೆ ಮನುಷ್ಯ. ಊರಲ್ಲಿ ಅವರಷ್ಟು ಕುಚ್ಚುಮೀನು ಹಿಡಿದವರಿಲ್ಲ. ಅವರಪ್ಪನಿಂದ ಬಂದ ಒಂದು ಪದ್ಧತಿ ಇತ್ತು. ದಾರದ ಹಿಂದಿನ ತುದಿಗೆ ಕುಣಿಕೆ ಮಾಡಿ ಎಡಗೈ ಮಣಿಕಟ್ಟಿಗೆ ಬಿಗಿದುಕೊಳ್ಳುವುದು. ಮೀನು ಕೋಲು ಕಿತ್ತುಕೊಂಡರೂ ದಾರ ಕೈಲಿರುತ್ತದೆ. ಕೆರೆ ಮೀನು ಎಷ್ಟೇ ಎಳೆದರೂ ಮನುಷ್ಯನನ್ನು ನೀರಿಗೆ ಎಳೆಯುವುದಿಲ್ಲ.

ದಾರ ಹೊಸೆಯುವುದು ನನ್ನ ಕೆಲಸ. ಹಿಂದಿನ ವರ್ಷ ಒಂದು ದೊಡ್ಡ ಕುಚ್ಚು ದಾರ ಹರಿದುಕೊಂಡು ಹೋಯಿತು. ಅವತ್ತು ಏರಿಯ ಮೇಲೆ ಹತ್ತು ಜನರ ಮುಂದೆ ಇವರು ಅಂದರು:

"ನಮ್ಮೋಳು ದಾರ ಹೊಸೆಯಲ್ಲ, ಶ್ಯಾವಿಗೆ ಒತ್ತುತಾಳೆ."

ಎಲ್ಲರೂ ನಕ್ಕರು. ಅಲ್ಲಿಂದ ಒಂದು ವರ್ಷ ಬಾವಿ ಕಟ್ಟೆಯಲ್ಲಿ ಹೆಂಗಸರು ನನ್ನನ್ನು ಶ್ಯಾವಿಗೆ ರಾಮಕ್ಕ ಅಂತಲೇ ಕರೆದರು.

ಕಾರ್ಖಾನೆಯಲ್ಲಿ ಪದ್ಮನಾಭ ಅಂತ ಒಬ್ಬ ಆಫೀಸರು. ಅವರಿಗೂ ಗಾಳದ ಹುಚ್ಚು. ಚಕ್ರ ಇರುವ ಫಾರಿನ್ ಕೋಲು ಇಟ್ಟುಕೊಂಡಿದ್ದರು, ಮೀನು ಮಾತ್ರ ಸಿಗುತ್ತಿರಲಿಲ್ಲ. ಕೆರೆಗೆ ಬಂದು ಇವರ ಹತ್ತಿರ ಕಲಿತುಕೊಂಡು ಹೋಗುತ್ತಿದ್ದರು. ಸ್ನೇಹಿತರ ಜೊತೆ ಮಂಗಳೂರ ಕಡೆ ಸಮುದ್ರಕ್ಕೆ ಹೊರಟಾಗ, "ನೀನೂ ಬಾರೋ ಮರಿಯಪ್ಪ, ಕೆರೆ ಹುಲಿ ಸಮುದ್ರದಲ್ಲಿ ಏನು ಮಾಡತ್ತೆ ನೋಡೋಣ" ಅಂದರು. ಕರೆದದ್ದು ಸಾಮಾನು ಹೊರುವುದಕ್ಕೆ. ಇವರಿಗೆ ಅದು ಹೊಳೆಯಲಿಲ್ಲ. ಹೊಳೆದಿದ್ದರೂ ಹೋಗುತ್ತಿದ್ದರು. ಸಮುದ್ರ ನೋಡಿದವರಲ್ಲ.

ಸಮುದ್ರಕ್ಕೆ ಹೊಸಬನಿಗೆ ಏನೇನು ಬೇಕು ಅಂತ ಕೇಳಲು ಪೇಟೆಗೆ ಹೋದರು. ಗಾಳದ ಸಾಮಾನು ಮಾರುವ ಮುದುಕ ಕಡಲ ಕಡೆಯವನು. ಅವನು ಹೇಳಿದ್ದನ್ನೆಲ್ಲ ಮನೆಗೆ ಬಂದು ಮಗ್ಗಿಯ ಹಾಗೆ ಒಪ್ಪಿಸಿದರು. ಅಲೆ ಒಡೆಯುವ ದಡದಲ್ಲಿ ನಿಂತರೆ ಎರಡಾಳುದ್ದದ ಕೋಲು ಬೇಕು, ಮರಳಲ್ಲಿ ಕಚ್ಚಿ ಕೂರುವ ಭಾರದ ಸೀಸ ಬೇಕು. ಕೊಲ್ಲಿಯಲ್ಲಿ ನೀರು ಕೆರೆಯ ಹಾಗೆ. ಗಿಡ್ಡ ಕೋಲು, ಸಣ್ಣ ಸೀಸ ಸಾಕು. ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಲಾಯಿ ಹಾಕಿದ ಕೊಕ್ಕೆ ತಗೋ. ಹೊಸಬ ಮೊದಲು ಕೊಲ್ಲಿಯಲ್ಲೇ ಕೂರಬೇಕು. ಎಲ್ಲಿ ಕೂತರೂ ಕೊಕ್ಕೆಯ ಹತ್ತಿರ ಒಂದು ಮಾರು ದಾರ ಒಂದೆಳೆ ಇರಲಿ. ಬಂಡೆಗೆ ಸಿಕ್ಕಿಕೊಂಡರೆ ಅಲ್ಲಿ ಹರಿಯಬೇಕು.

ಮಣಿಕಟ್ಟಿನ ಕುಣಿಕೆಯ ವಿಷಯ ಇವರು ಹೇಳಲಿಲ್ಲ, ಅವನು ಕೇಳಲಿಲ್ಲ.

ಆ ಶುಕ್ರವಾರ ನಾನು, "ಗಿಡ್ಡದ್ದೇ ತಗೊಂಡೋಗಿ" ಅಂದೆ.

"ಆಫೀಸರು ಅಲೇಲಿ ನಿಂತ್ಕೊಂಡಿರ್ತಾರೆ, ನಾನು ಹೆಂಗಸರ ಜೊತೆ ಚಿಪ್ಪು ಆಯ್ಕೊಂಡಿರ್ಲಾ?"

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. "ಅವಳ ಮಾತು ಕೇಳಿದ್ರೆ ಬಚ್ಚಲ ತೊಟ್ಟೀಲೇ ಗಾಳ ಹಾಕ್ಕೊಂಡು ಕೂತ್ಕೋಬೇಕು, ಹೋಗೋ."

ಉದ್ದದ ಕೋಲು ಎರಡು ಆರಿಸಿ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಮಡಿಲಿಂದ ದಾರದ ತುದಿ ಎತ್ತಿಕೊಂಡರು.

"ತುದೀಗೆ ಒಂದೆಳೆ ಮಾಡು ಅಂದಿದ್ನಲ್ಲ, ಎಲ್ಲೇ?"

"ಮೂರೆಳೇನೇ ಇರ್ಲಿ. ಅಲ್ಲಿ ಹರಿದ್ರೆ ಆಫೀಸರ ಬಾಯಲ್ಲೂ ಶ್ಯಾವಿಗೆ ಅನ್ನಿಸ್ಕೋಬೇಕು ನಾನು."

ಅವರು ದಾರವನ್ನು ಕಾಲಲ್ಲಿ ಮೆಟ್ಟಿ ಎರಡು ಕೈಲೂ ಜಗ್ಗಿದರು. ಅಂಗೈ ಕೆಂಪಾಯಿತು. ದಾರಕ್ಕೆ ಏನೂ ಆಗಲಿಲ್ಲ.

"ಎತ್ತು ಕಟ್ಟಬಹುದು ಕಣೇ ಇದ್ರಲ್ಲಿ. ಇರ್ಲಿ ಬಿಡು, ಆ ಮುದುಕನಿಗೇನು ಗೊತ್ತು."

ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನ ಕೈಕೆಲಸವನ್ನು ಹೊಗಳಿದ್ದು ಅದೊಂದೇ ಸಲ. ನಾನು ಇನ್ನಷ್ಟು ಜೇನುಮೇಣ ಉಜ್ಜಿ, ಸುತ್ತಿ ಕೊಟ್ಟೆ.

ಸೋಮವಾರ ಮಧ್ಯಾಹ್ನ ಕಾರ್ಖಾನೆಯ ವ್ಯಾನು ಬಂತು. ಮೀನಿಗೆ ಅಂತ ಕೊಂಡಿದ್ದ ಐಸಿನ ಮೇಲೆ ಅವರನ್ನು ಮಲಗಿಸಿ ತಂದಿದ್ದರು.

ಪದ್ಮನಾಭ ಅವರು ಜಗಲಿಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಕೊಕ್ಕೆ ಬಂಡೆ ಸಂದಿಗೆ ಸಿಕ್ಕಿಕೊಂಡಿತ್ತು. ಅಲೆ ಬಂದು ಬೀಳಿಸ್ತು. ನೀರು ಎದೆಮಟ್ಟ ಅಷ್ಟೇ. ಕೈಗೆ ದಾರ ಬಿಗಿದಿತ್ತು, ಏಳೋಕೇ ಬಿಡ್ಲಿಲ್ಲ. ಒಂದೇ ಕೈ ಮೇಲೆ ಬರ್ತಿತ್ತು. ನಾವು ಆಟ ಆಡ್ತಾನೆ ಅಂದ್ಕೊಂಡು ನಗ್ತಾ ನಿಂತಿದ್ವಿ."

ಅವರು ಕನ್ನಡಕ ಒರೆಸಿಕೊಂಡರು.

"ದಾರ ಹರಿದಿದ್ರೆ ಬದುಕ್ತಿದ್ದ. ಅಂಥ ದಾರ ಯಾರು ಹೊಸೆದುಕೊಟ್ರೋ."

"ಇವಳೇ," ಅಂದರು ಅತ್ತೆ.

ಊರೆಲ್ಲ ನನ್ನ ಕೈ ನೋಡಿತು. ನಾನು ಸೆರಗಿನಲ್ಲಿ ಮುಚ್ಚಿಕೊಂಡೆ.

ಸ್ನಾನ ಮಾಡಿಸುವಾಗ ಕುಣಿಕೆ ಬಿಚ್ಚಲು ಆಗಲಿಲ್ಲ. ಕೈ ಊದಿ ದಾರ ಮಾಂಸದೊಳಗೆ ಹೂತಿತ್ತು. ಗಂಡಸರು ಇಬ್ಬರು ನೋಡಿ ಹಿಂದೆ ಸರಿದರು. "ಕಟ್ಟಿದೋಳೇ ಬಿಚ್ಲಿ" ಅಂದರು ಅತ್ತೆ. ಕಟ್ಟಿಕೊಂಡದ್ದು ಯಜಮಾನರೇ ಅಂತ ನಾನು ಹೇಳಲಿಲ್ಲ. ಕುಡುಗೋಲು ತಂದು ಕೊಯ್ದೆ. ಒಂದೇ ಸಲಕ್ಕೆ ಆಗಲಿಲ್ಲ. ಮೂರು ಎಳೆಗೆ ಮೂರು ಸಲ ಕೊಯ್ಯಬೇಕಾಯಿತು. ಆಮೇಲೆ ಕೊಯ್ದ ನನ್ನ ಕೈಯ ಬಳೆಗಳನ್ನು ಒಡೆಸಿಕೊಳ್ಳಲು ಕೂತೆ.

ಅಂದಿನಿಂದ ಬಾವಿ ಕಟ್ಟೆಯಲ್ಲಿ ಯಾರೂ ನನ್ನನ್ನು ಶ್ಯಾವಿಗೆ ರಾಮಕ್ಕ ಅನ್ನುವುದಿಲ್ಲ. ನಾನು ಹೋದರೆ ಕೊಡ ಎತ್ತಿಕೊಂಡು ಜಾಗ ಬಿಡುತ್ತಾರೆ.

ತಿಥಿ ಮುಗಿದ ಮಾರನೆಯ ದಿನ, ಕೋಲಿನ ಜೊತೆ ವ್ಯಾನಿನಲ್ಲಿ ಬಂದಿದ್ದ ಉಳಿದ ದಾರವನ್ನು ಒಲೆಗೆ ಹಾಕಲು ಹೋದೆ. ಅತ್ತೆ ಬಂದು ಕೈಯಿಂದ ಕಿತ್ತುಕೊಂಡರು.

"ಯಾಕೆ ಸುಡ್ತೀಯ? ಗಟ್ಟಿ ದಾರ. ಕರು ಕಟ್ಟೋ ಹಗ್ಗ ಸವೆದಿದೆ, ಇದ್ರಲ್ಲಿ ಕಟ್ಟು. ದಿನಾ ಮುಟ್ಟು. ಏನು ಹೊಸೆದೆ ಅಂತ ಗೊತ್ತಿರ್ಲಿ."

ದಾರ ತಗೊಂಡು ಕೊಟ್ಟಿಗೆಗೆ ಹೋದೆ. ಹೊಸೆಯುವಾಗ ನನ್ನ ಮನಸ್ಸಿನಲ್ಲಿ ಮೀನು ಇರಲಿಲ್ಲ, ಗಂಡ ಇರಲಿಲ್ಲ. ಏರಿಯ ಮೇಲೆ ನಕ್ಕ ಆ ಹತ್ತು ಜನರಿದ್ದರು. ಅದು ಅತ್ತೆಗೆ ಗೊತ್ತಿಲ್ಲ. ನನಗೆ ಗೊತ್ತು.

ಈಗ ಎರಡು ವರ್ಷವಾಯಿತು. ಬೆಳಗ್ಗೆ ಕಸ ಗುಡಿಸಿ, ಚೊಂಬು ತೊಳೆದುಕೊಂಡು ಕೊಟ್ಟಿಗೆಗೆ ಹೋಗುತ್ತೇನೆ. ದಾರವನ್ನು ನಾಲ್ಕು ಮಡಿಕೆ ಮಾಡಿ ಕರುವಿನ ಕೊರಳಿಗೆ ಹಾಕಿ ಗೂಟಕ್ಕೆ ಕಟ್ಟುತ್ತೇನೆ. ಅದು ತಾಯಿಯ ಕಡೆಗೆ ಜಗ್ಗುತ್ತದೆ, ನಾಲಿಗೆ ಹೊರಗೆ ಹಾಕುತ್ತದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಾರೆ. ನಾನು ಹಾಲು ಕರೆಯುತ್ತೇನೆ. ಕುಣಿಕೆ ಹಾಕುವುದಿಲ್ಲ, ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕುತ್ತೇನೆ. ಹಾಲು ಕರೆಯುವಷ್ಟು ಹೊತ್ತೂ ಆ ತುದಿ ನನ್ನ ಕಾಲ್ಬೆರಳ ಸಂದಿಯಲ್ಲಿ ಇರುತ್ತದೆ.