ಬಾಲ್ಕನಿಯಲ್ಲಿ ನಿಂತೇ ಇದ್ದ ಹೆಂಗಸು

ನನ್ನ ಅಕ್ಕನ ಗಂಡ ಊರು ಕಟ್ಟುವವರು. ಬಟ್ಟೆಯ ಮೇಲೆ, ಬಣ್ಣದಲ್ಲಿ. ನಮ್ಮ ಧಾರಾವಾಹಿಯ ಮನೆಯಲ್ಲಿ ಕಿಟಕಿಯಾಚೆ ಕಾಣುವ ಬೀದಿ, ಎದುರು ಮನೆ, ಮೋಡ ಎಲ್ಲವೂ ಅವರ ಕೈಕೆಲಸ. ಆ ಬಟ್ಟೆಗೆ ನಾವು ಪರದೆ ಎನ್ನುತ್ತೇವೆ. ಭಾವ ಅದನ್ನು ಬರೆಯುತ್ತಾರೆ, ನಾನು ಕ್ಯಾಮೆರಾದಲ್ಲಿ ಮಸುಕು ಮಾಡುತ್ತೇನೆ. ಪರದೆ ನಿಜವಾದ ಬೀದಿ ಅನ್ನಿಸಬೇಕಾದರೆ ಅದು ಸರಿಯಾಗಿ ಕಾಣಲೇಬಾರದು. ನೋಡುವವರ ಕಣ್ಣಿಗೆ ಮಣ್ಣೆರಚುವ ನಮ್ಮ ಕಸುಬಿನ ಗುಟ್ಟು ಇಷ್ಟೇ.

ಎಂಟು ದಿನ ಕೂತು ಒಂದೊಂದೇ ಹೆಂಚು ಬರೆದದ್ದನ್ನು ನಾನು ಲೆನ್ಸಿನ ಒಂದೇ ತಿರುವಿಗೆ ಮುಗಿಸಿಬಿಡುತ್ತೇನೆಂದು ಭಾವನಿಗೆ ಒಳಗೊಳಗೇ ಸಿಟ್ಟು. ಹಾಗಂತ ಬಾಯಿಬಿಟ್ಟು ಹೇಳಿದವರಲ್ಲ. ಅವರು ಯಾವುದನ್ನೂ ಬಾಯಿಬಿಟ್ಟು ಹೇಳಿದವರಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಕ್ಕನಿಗೆ ಸಿಕ್ಕ ಹೊಗಳಿಕೆಯೆಂದರೆ "ಹೂಂ". ತೀರಾ ಖುಷಿಯಾದ ದಿನ "ಹೂಂ ಹೂಂ".

ಹೋದ ತಿಂಗಳು ನಿರ್ದೇಶಕರು ಕಥೆಗೆ ಸುಡು ಮಧ್ಯಾಹ್ನ ಬೇಕೆಂದರು. ನಾನು ಪರದೆಯ ಮೇಲೆ ನಾಲ್ಕು ದೊಡ್ಡ ದೀಪ ಬಿಟ್ಟು, ಬೆಳಕು ಹೆಚ್ಚಾಯಿತೆಂದು, ಅದನ್ನು ಒಳಬಿಡುವ ಲೆನ್ಸಿನ ಕಂಡಿ ಕಿರಿದು ಮಾಡಿದೆ. ಕಂಡಿ ಕಿರಿದಾದರೆ ಹಿಂದಿರುವುದೂ ಸ್ಪಷ್ಟವಾಗುತ್ತದೆ. ಕ್ಯಾಮೆರಾ ಮುಟ್ಟಿದ ಮೊದಲ ವಾರ ಕಲಿಯುವ ಪಾಠ ಅದು, ನನಗೆ ಮರೆತೇ ಹೋಗಿತ್ತು. ಸ್ವಲ್ಪ ದಿನಕ್ಕೆ ಪ್ರೇಕ್ಷಕರೊಬ್ಬರ ಕಾಗದ ಬಂತು. "ಎದುರು ಮನೆಯ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಐದು ಸಂಚಿಕೆಯಿಂದ ಅದೇ ಬೆಡ್‌ಶೀಟ್ ಒಣಹಾಕುತ್ತಿದ್ದಾರೆ. ಪಾಪ, ಮನೆಯವರು ಯಾರಾದರೂ ಕೈಜೋಡಿಸಬಾರದೇ?"

ನಿರ್ದೇಶಕರು ಕಾಗದ ಹಿಡಿದು ಭಾವನ ಬಣ್ಣದ ಕೋಣೆಗೇ ನುಗ್ಗಿದರು. "ಪರದೇಲಿ ಯಾರಾದ್ರೂ ಮನುಷ್ಯರನ್ನ ಬರೀತಾರೇನ್ರೀ? ಅವ್ರು ಅಲ್ಲಾಡಲ್ಲ, ನಮ್ಮ ಮಾನ ಹೋಗುತ್ತೆ! ನಾಳೆ ಬೆಳಿಗ್ಗೆ ಆಕೆ ಅಲ್ಲಿದ್ರೆ ಪ್ರಿಂಟ್ ಹಾಕಿದ ಪರದೆ ತರಿಸ್ತೀನಿ. ನೀವು ಮನೇಲಿರಿ."

"ಅಳಿಸಲ್ಲ," ಎಂದರು ಭಾವ.

ನಾನು ಬೇಡಿಕೊಂಡೆ, ಬೈದೆ. ಜಪ್ಪಯ್ಯ ಎಂದರೂ ಕುಂಚ ಮುಟ್ಟಲಿಲ್ಲ. ಈ ವಯಸ್ಸಿನಲ್ಲಿ ಇವರಿಗೆ ಬೇರೆ ಕೆಲಸ ಕೊಡುವವರು ಯಾರು ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಂಥದ್ದೇನಿದೆ ಅವಳಲ್ಲಿ ಎಂದು ಉದ್ದ ಲೆನ್ಸ್ ಹಾಕಿ ನೋಡಿದೆ. ಎಡಗಿವಿಯತ್ತ ಜಾರಿದ ತುರುಬು. ಸೊಂಟದ ಮೇಲೊಂದು ಕೈ. ಬೆಡ್‌ಶೀಟ್ ಸೊಟ್ಟಗಿದೆಯೇನೋ ಎಂದು ಓರೆಯಾದ ಕತ್ತು. ಆ ನಿಲುವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನಗು ಬಂತು. ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ಅರ್ಧ ಗಂಟೆಯಲ್ಲಿ ಬಂದಳು. ಪರದೆಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು.

"ನನ್ನ ಸೊಂಟ ಇಷ್ಟು ಸಣ್ಣ ಯಾವತ್ತಿತ್ತು?"

"ದೂರದಲ್ಲಿರೋರು ಸಣ್ಣಗೇ ಕಾಣೋದು," ಎಂದರು ಭಾವ, ನೆಲ ನೋಡುತ್ತ.

"ಇನ್ನೂ ಎಷ್ಟು ಪರದೇಲಿ ಬರ್ದಿದೀರಿ?"

"ಎಲ್ಲಾದ್ರಲ್ಲೂ."

ಹದಿನೆಂಟು ವರ್ಷ ಅವನ್ನೆಲ್ಲ ಮಸುಕು ಮಾಡಿದವನು ನಾನು. ಕಾಲ ಬುಡದ ವೈರುಗಳನ್ನು ಸರಿಪಡಿಸುವ ನೆಪದಲ್ಲಿ ಬಗ್ಗಿದೆ.

ಅಕ್ಕ ಕಣ್ಣೊರೆಸಿಕೊಂಡಳು, ಆಮೇಲೆ ತನ್ನ ಮಾಮೂಲಿ ದನಿಗೆ ಬಂದಳು. "ಊರಿಗೆಲ್ಲ ತೋರಿಸ್ತೀರಿ, ನನಗೊಬ್ಬಳಿಗೆ ಹೇಳಲ್ಲ. ಮೊದ್ಲು ಅಳಿಸಿ. ಕೆಲಸ ಕಳ್ಕೊಂಡು ದಿನವಿಡೀ ಮನೇಲಿ ಹೂಂ ಅಂತ ಕೂತ್ರೆ ನನ್ನ ಕೈಲಾಗಲ್ಲ."

ಭಾವ ಗೋಡೆಯ ಬಣ್ಣ ಕಲಸಿಕೊಂಡು ಏಣಿ ಹತ್ತಿದರು. ಅಕ್ಕ ಏಣಿ ಹಿಡಿದಳು. ಕುಂಚ ತುರುಬಿನವರೆಗೆ ಹೋಗಿ ನಿಂತಿತು.

"ಕೈ ಬರ್ತಿಲ್ಲ ಕಣೇ."

"ನಾನಿಲ್ಲೇ ಇದೀನಲ್ಲ. ಅವಳನ್ನ ನೋಡ್ಬೇಡಿ. ನನ್ನ ನೋಡ್ಕೊಂಡು ಅಳಿಸಿ."

ಭಾವ ಕೆಳಗೆ ಅಕ್ಕನನ್ನೇ ನೋಡುತ್ತ ಕುಂಚ ಆಡಿಸಿದರು. ಗೋಡೆ ಅಂಕುಡೊಂಕಾಯಿತು, ಬಾಲ್ಕನಿಯ ಕಂಬಿ ಅರ್ಧ ಹೋಯಿತು, ಪಕ್ಕದ ಕಿಟಕಿಗೂ ಬಣ್ಣ ಮೆತ್ತಿತು. ಅಷ್ಟು ಕೆಟ್ಟ ಕೆಲಸವನ್ನು ಅವರು ಜೀವಮಾನದಲ್ಲಿ ಮಾಡಿದವರಲ್ಲ.